ಅಂಚಕ್ಕ ಕುಡಿದ ನೀರು

ಇಸ್ತ್ರಿ ಕೋಣೆ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ. ಒಗೆದು ಹಿಂಡಿದ ಬಟ್ಟೆ ಪಕ್ಕದ ಕೋಣೆಯಿಂದ ಬರಲು ಗೋಡೆಯಲ್ಲೊಂದು ದೊಡ್ಡ ಕಿಂಡಿ, ಮನುಷ್ಯರಿಗೆ ಒಂದೇ ಬಾಗಿಲು. ನಡುವೆ ಆಳೆತ್ತರದ ಬಿಸಿ ಉರುಳೆ. ಇಬ್ಬರು ಹೆಂಗಸರು ಒದ್ದೆ ಬೆಡ್‌ಶೀಟಿನ ಅಂಚು ಹಿಡಿದು ಉರುಳೆಯ ಬಾಯಿಗೆ ಕೊಡುತ್ತಾರೆ, ಆಚೆ ಕಡೆ ಇನ್ನಿಬ್ಬರು ಒಣಗಿ ಬಂದದ್ದನ್ನು ಹಿಡಿದು ಮಡಚುತ್ತಾರೆ. ಬೆಳಗ್ಗೆ ಆರಕ್ಕೆ ಶುರುವಾದರೆ ಮಧ್ಯಾಹ್ನ ಮೂರರವರೆಗೆ ಉರುಳೆ ನಿಲ್ಲುವುದು ಎರಡೇ ಸಲ.

ಅಂಚಕ್ಕ ಇಲ್ಲಿಗೆ ಬಂದು ಇಪ್ಪತ್ತೊಂಬತ್ತು ವರ್ಷ. ಹಿಂಡುವ ಯಂತ್ರದಿಂದ ಬರುವ ಶೀಟುಗಳು ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗಿರುತ್ತವೆ. ಬೇರೆಯವರು ಎಳೆದಾಡಿ, ಕೊಡವಿ, ಬೈದು ಬಿಡಿಸುವ ಮುದ್ದೆಯಲ್ಲಿ ಆಕೆ ಒಂದೇ ಸಲಕ್ಕೆ ಕೈ ಹಾಕಿ ಅಂಚು ಹುಡುಕುತ್ತಿದ್ದಳು. ಅದಕ್ಕೇ ಆ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅದನ್ನು ಕರೆದರೆ ಆಕೆಯೇ ತಿರುಗಿ ನೋಡುವುದು ಅನುಮಾನ.

ಆ ವರ್ಷ ಆಕೆಗೆ ಐವತ್ತನಾಲ್ಕು, ವರ್ಷದ ಕೊನೆಗೆ ಐವತ್ತೈದು ತುಂಬುವುದಿತ್ತು. ಬಲಗೈ ಮಣಿಕಟ್ಟು ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ ಮಡಚುತ್ತಿರಲಿಲ್ಲ. ಗಂಡ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಮನೆ ಎಂದರೆ ಎರಡು ಕೋಣೆ. ಇದ್ದ ಒಂದೇ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ನಾದಿನಿಯ ಊರಿನಲ್ಲಿ ಅವಳ ಮನೆಯ ಮಹಡಿ ಖಾಲಿಯಿತ್ತು. ಎರಡು ದಿಕ್ಕಿಗೂ ಕಿಟಕಿ, ಮುಂದೆ ತೆರೆದ ತಾರಸಿ. "ಅತ್ತಿಗೆ ಕೆಲಸದಿಂದ ಬಿಡುಗಡೆಯಾಗಿ ಬರೋವರೆಗೂ ಬಾಡಿಗೆಗೆ ಕೊಡಲ್ಲ, ಆದ್ರೆ ಈ ವರ್ಷ ದಾಟಿದ್ರೆ ನನ್ನ ಕೈಲಾಗಲ್ಲ" ಎಂದು ನಾದಿನಿ ಹೇಳಿದ್ದಳು.

ಬಿಡುಗಡೆಯ ಮಾತು ಬಂದದ್ದು ಹೀಗೆ. ಆಸ್ಪತ್ರೆಯ ಕೆಲಸಗಳಲ್ಲಿ ಎರಡು ದರ್ಜೆ: ಶ್ರಮದ ಕೆಲಸ, ಸಾಧಾರಣ ಕೆಲಸ. ಶ್ರಮದ ಕೆಲಸದವರು ಐವತ್ತೈದಕ್ಕೆ ಪೂರ್ತಿ ಪಿಂಚಣಿಯೊಂದಿಗೆ ಮನೆಗೆ ಹೋಗಬಹುದು. ಸಾಧಾರಣದವರು ಅರವತ್ತರವರೆಗೆ ದುಡಿಯಬೇಕು. ಇಸ್ತ್ರಿ ಕೋಣೆ ಯಾವ ಕಾಲದಿಂದಲೋ ಸಾಧಾರಣದ ಪಟ್ಟಿಯಲ್ಲಿತ್ತು. ಕೆಲಸಗಾರರ ಸಂಘದವರು ತಕರಾರು ಎತ್ತಿದಾಗ ಆಡಳಿತದವರು ಒಬ್ಬ ಪರಿಣತನನ್ನು ಕಳಿಸಿದ್ದರು. ಆತ ಕೈಯಲ್ಲಿ ಗಡಿಯಾರ ಹಿಡಿದು ಇಡೀ ದಿನ ಅಂಚಕ್ಕನ ಪಕ್ಕ ನಿಂತು ನೋಡಿದ. ಆತನೇ ಬೆವರಿ ತೊಯ್ದುಹೋದ, ಅಂಚಕ್ಕ ಹಾಡು ಗುನುಗುತ್ತಾ ಶೀಟು ಕೊಡುತ್ತಿದ್ದಳು. ಆತ "ಸಾಧಾರಣ" ಎಂದು ಬರೆದುಕೊಂಡು ಹೋದ.

ಕೊನೆಗೆ ಎರಡೂ ಕಡೆಯವರು ಒಂದು ಮಾತಿಗೆ ಬಂದರು. ಕಣ್ಣಿಗೆ ಕಂಡದ್ದು ಬೇಡ, ದೇಹವೇ ಹೇಳಲಿ. ಒಂದು ಪ್ರಯೋಗಾಲಯದವರು ನೀರು ಕುಡಿಸಿ, ಹದಿನಾಲ್ಕು ದಿನ ಮೂತ್ರ ಪರೀಕ್ಷಿಸಿ, ಒಂದು ಮೈ ಎಷ್ಟು ಶಕ್ತಿ ಸುಡುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಸುಮ್ಮನೆ ಮಲಗಿದ್ದಾಗ ಸುಡುವುದರ ಒಂದೂ ಮುಕ್ಕಾಲು ಪಟ್ಟು ದಾಟಿದರೆ ಶ್ರಮದ ಕೆಲಸ. ಉರುಳೆಯ ನಾಲ್ವರ ಸರಾಸರಿ ತೆಗೆಯಬೇಕು. ಯಾರಾದರೂ ಒಬ್ಬರ ಪರೀಕ್ಷೆ ಕೆಟ್ಟರೆ ಉಳಿದ ಮೂವರದು ಸಾಕು. ಇಷ್ಟಕ್ಕೆ ಎಲ್ಲರ ರುಜು ಬಿತ್ತು.

ಪ್ರಯೋಗಾಲಯದಿಂದ ಬಂದವಳು ನಲವತ್ತರ ಆಸುಪಾಸಿನ, ಮೆಲುದನಿಯ ಹೆಂಗಸು. ತಂಪು ಪೆಟ್ಟಿಗೆಯ ತುಂಬ ಪುಟ್ಟ ಪುಟ್ಟ ಶೀಷೆ. ಮೊದಲ ದಿನವೇ ಆಕೆಗೆ 'ಬಾಟ್ಲಿ ಮೇಡಂ' ಎಂದು ಹೆಸರು ಬಿತ್ತು. ಇಟ್ಟವಳು ಬಿರುಗಾಳಿ.

ಬಿರುಗಾಳಿ ಎಂದರೆ ಅಂಚಕ್ಕನ ಪಕ್ಕದಲ್ಲಿ ನಿಂತು ಶೀಟು ಕೊಡುವವಳು. ಮೂವತ್ತೆಂಟರ ಪ್ರಾಯ, ಎತ್ತರದ ಆಳು. ಬಂದು ಎಂಟು ತಿಂಗಳಾಗಿತ್ತು. ಟ್ರಾಲಿಯಲ್ಲಿರುವ ಒದ್ದೆ ಮುದ್ದೆಯನ್ನು ಎರಡೂ ಕೈಯಿಂದ ತಬ್ಬಿ, ಬೆನ್ನಿನ ಮೇಲೆ ಭಾರ ಹಾಕಿ ಎತ್ತಿ, ಮೇಜಿನ ಮೇಲೆ ಧಪ್ ಎಂದು ಕುಕ್ಕುವಳು. ದಿನಕ್ಕೆ ಇನ್ನೂರು ಸಲ. ಅಂಚಕ್ಕ ಹಾಗಲ್ಲ. ಟ್ರಾಲಿಯನ್ನು ಮೇಜಿಗೆ ಆನಿಸಿ ಓರೆ ಮಾಡಿ, ಒಂದು ಅಂಚು ಹಿಡಿದು ಎಳೆದುಬಿಟ್ಟರೆ ಮಿಕ್ಕದ್ದು ತನ್ನ ಭಾರಕ್ಕೆ ತಾನೇ ಸರ್ರನೆ ಜಾರಿ ಬರುತ್ತಿತ್ತು. ಅದನ್ನು ಬಿರುಗಾಳಿಗೆ ಕಲಿಸಲು ಆಗಷ್ಟೇ ಶುರು ಮಾಡಿದ್ದಳು.

"ಮೇಡಂ, ಇದು ಬಾಂಬಿಗೆ ಹಾಕೋ ನೀರು ಅಂತಾರಲ್ಲ, ನಾವು ಸಿಡಿದುಹೋದ್ರೆ ಯಾರು ಜವಾಬ್ದಾರಿ?" ಬಿರುಗಾಳಿ ಕೇಳಿದಳು.

"ಸಿಡಿಯಲ್ಲಮ್ಮ. ನೀವು ದಿನಾ ಕುಡಿಯೋ ನೀರಲ್ಲೂ ಇದು ಚೂರುಪಾರು ಇದ್ದೇ ಇರತ್ತೆ. ಇದರಲ್ಲಿ ಸ್ವಲ್ಪ ಜಾಸ್ತಿ ಇದೆ ಅಷ್ಟೆ."

"ಕುಡಿದ್ರೆ ಅಮಲು?"

"ಅದೂ ಇಲ್ಲ."

"ಹಾಗಾದ್ರೆ ಬಾಟ್ಲಿ ಯಾಕೆ ಇಷ್ಟು ಜೋಪಾನ ಮಾಡ್ತೀರಿ?" ಎಂದಳು ಬಿರುಗಾಳಿ. ಉರುಳೆಯ ಆಚೆ ಕಡೆಯ ಇಬ್ಬರೂ ನಕ್ಕರು. ಅವರಿಬ್ಬರು ಓರಗಿತ್ತಿಯರು, ಅಣ್ಣತಮ್ಮಂದಿರ ಹೆಂಡಿರು. ಮನೆಯಲ್ಲಿ ಮಾತು ಬಿಟ್ಟು ಎರಡು ವರ್ಷವಾದರೂ ಶೀಟಿನ ಎರಡು ತುದಿ ಹಿಡಿದು ಜೊತೆಯಾಗಿ ಮಡಚುವವರು.

ಬಾಟ್ಲಿ ಮೇಡಂ ಸಾವಧಾನವಾಗಿ ಬಿಡಿಸಿ ಹೇಳಿದಳು. ನೀರಿನಲ್ಲಿ ಎರಡು ವಸ್ತು ಇವೆ, ಜಲಜನಕ ಮತ್ತು ಆಮ್ಲಜನಕ. ಈ ನೀರಿನಲ್ಲಿ ಎರಡಕ್ಕೂ ಗುರುತು ಹಾಕಿದೆ. ಮೈಯೊಳಗೆ ಹೋದ ಮೇಲೆ ಜಲಜನಕಕ್ಕೆ ಹೊರಗೆ ಬರಲು ಒಂದೇ ಬಾಗಿಲು: ಬೆವರೋ ಮೂತ್ರವೋ, ಅಂತೂ ನೀರಾಗಿಯೇ ಬರಬೇಕು. ಆಮ್ಲಜನಕಕ್ಕೆ ಎರಡು ಬಾಗಿಲು. ಅದು ನೀರಾಗಿಯೂ ಬರುತ್ತದೆ, ಉಸಿರಿನಲ್ಲಿ ಹೊರಬೀಳುವ ಗಾಳಿಯ ಜೊತೆಗೂ ಬರುತ್ತದೆ. ಮೈ ಹೆಚ್ಚು ದುಡಿದಷ್ಟೂ ಆ ಎರಡನೇ ಬಾಗಿಲಿನಿಂದ ಹೆಚ್ಚು ಹೋಗುತ್ತದೆ. ಎರಡೂ ಗುರುತು ಎಷ್ಟೆಷ್ಟು ಬೇಗ ಖಾಲಿಯಾದವು ಎಂದು ನೋಡಿದರೆ, ನಡುವಿನ ಅಂತರವೇ ದುಡಿಮೆಯ ಲೆಕ್ಕ.

"ಅಂದ್ರೆ ನಾನು ಏನು ಮಾಡಿದೆ ಅಂತ ನನ್ನನ್ನ ಕೇಳೋದೇ ಇಲ್ಲ," ಎಂದಳು ಅಂಚಕ್ಕ.

"ಕೇಳಲ್ಲ. ಕೇಳಿದ್ರೆ ಜನ ಹೆಚ್ಚುಕಮ್ಮಿ ಹೇಳ್ತಾರೆ. ನೀರು ಹೇಳಲ್ಲ."

ಅಂಚಕ್ಕನಿಗೆ ಆ ಮಾತು ಹಿಡಿಸಿತು. ಇಪ್ಪತ್ತೊಂಬತ್ತು ವರ್ಷದ ಸೊಂಟನೋವು ತನ್ನ ಬಾಯಿಂದ ಹೇಳಿ ಸಾಕಾಗಿತ್ತು.

ನೀರು ಕುಡಿಯುವ ಹಿಂದಿನ ದಿನ ಪ್ರಯೋಗಾಲಯದಲ್ಲಿ ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಬುರುಡೆ ಕವುಚಿ, ಅರ್ಧ ಗಂಟೆ ಉಸಿರು ಅಳೆದರು. ಅಲುಗಾಡಬಾರದು, ನಿದ್ದೆ ಮಾಡಬಾರದು. ಅಂಚಕ್ಕ ಕಣ್ಣು ತೆರೆದು, ಬುರುಡೆಯ ಆಚೆ ಮಂಜಾಗಿ ಕಾಣುತ್ತಿದ್ದ ಕಿಟಕಿ ನೋಡುತ್ತಾ ಮಲಗಿದ್ದಳು. ಮನೆಗೆ ಬಂದು ಹೇಳಿದಾಗ ಗಂಡ, "ಅರ್ಧ ಗಂಟೆ ನೀನು ಸುಮ್ಮನಿದ್ದೆ ಅಂದ್ರೆ ಆ ಬುರುಡೆ ಒಂದು ನಮ್ಮನೆಗೂ ಬೇಕು ಕಣೇ" ಎಂದ.

ಮರುದಿನ ನೀರು. ಹೀರುಗೊಳವೆಯಲ್ಲಿ ಕುಡಿದು, ಶೀಷೆಯನ್ನು ಎರಡು ಸಲ ತೊಳೆದು ಆ ನೀರನ್ನೂ ಕುಡಿಯಬೇಕು, ಒಂದು ತೊಟ್ಟೂ ಆಚೆ ಹೋಗಬಾರದು. ರುಚಿ ನೀರಿನದೇ. ಆಮೇಲಿನ ಹದಿನಾಲ್ಕು ದಿನ ಊರು ಬಿಡುವಂತಿಲ್ಲ. ಊರೂರಿನ ನೀರಿನಲ್ಲಿ ಈ ವಸ್ತುಗಳ ಪ್ರಮಾಣ ಬೇರೆ, ಲೆಕ್ಕ ಕೆಡುತ್ತದೆ. ದಿನಾ ಬೆಳಗಿನ ಮೊದಲನೆಯದು ಬಿಟ್ಟು ಎರಡನೆಯ ಮೂತ್ರವನ್ನು ಶೀಷೆಗೆ ಹಿಡಿದು, ಮುಚ್ಚಳ ಬಿಗಿದು, ಗಂಟೆ ನಿಮಿಷ ಬರೆಯಬೇಕು. ಎರಡನೆಯದರ ಹೊತ್ತಿಗೆ ಎಲ್ಲರೂ ನೆಲಮಾಳಿಗೆಯಲ್ಲಿ ಇರುತ್ತಿದ್ದರು. ಹಾಗಾಗಿ ಶೌಚಾಲಯದ ಪಕ್ಕ ತಂಪು ಪೆಟ್ಟಿಗೆ ಬಂತು, ಗೋಡೆಗೆ ಒಂದು ಗಡಿಯಾರವೂ ಬಂತು.

ಎರಡನೇ ದಿನ ಟೀ ಹೊತ್ತಿಗೆ ಬಿರುಗಾಳಿ ಸಭೆ ಕರೆದಳು.

"ನೋಡ್ರಮ್ಮ, ಈ ಹದಿನಾಲ್ಕು ದಿನ ಎಲ್ರೂ ಮೈ ಬಗ್ಗಿಸಿ ದುಡೀಬೇಕು. ಒಂದು ಸಲ ಎತ್ತೋದನ್ನ ಎರಡು ಸಲ ಎತ್ತಿ. ನಡೆಯೋ ಕಡೆ ಓಡಿ. ಮುಖ್ಯವಾಗಿ ಅಂಚಕ್ಕ, ನೀವು."

"ನಾನೇನು ಕೂತ್ಕೊಂಡಿದೀನಾ?"

"ಕೂತ್ಕೊಂಡಿಲ್ಲ. ಆದ್ರೆ ನೀವು ಕೆಲಸ ಮಾಡೋದು ನೋಡಿದ್ರೆ ಕೂತ್ಕೊಂಡಂಗೇ ಇರತ್ತೆ. ಆ ಗಡಿಯಾರದವನು ಅದಕ್ಕೇ ಮೋಸಹೋದ."

ಅಂಚಕ್ಕ ಮೂಗು ಮುರಿದಳು, ಆದರೆ ಮಾತು ಸರಿಯೆನಿಸಿತು. ಅಂದು ಟೀ ಮುಗಿದ ಮೇಲೆ ಬಿರುಗಾಳಿಯ ಹಾಗೆಯೇ ಮುದ್ದೆಯನ್ನು ತಬ್ಬಿ ಎತ್ತಿದಳು. ಧಪ್ ಎಂದಿತು. ಇನ್ನೊಂದು ಎತ್ತಿದಳು. ಮೂರನೆಯದಕ್ಕೆ ಏದುಸಿರು ಬಂತು, ಅದು ಒಳ್ಳೆಯ ಲಕ್ಷಣ ಎಂದುಕೊಂಡಳು. ಆದರೆ ಉರುಳೆಗೆ ಯಾರ ಗೊಡವೆಯೂ ಇಲ್ಲ. ಅದು ತನ್ನ ವೇಗದಲ್ಲಿ ಬಾಯಿ ತೆರೆದು ಕೇಳುತ್ತಲೇ ಇರುತ್ತದೆ. ಕಣ್ಣು ಉರುಳೆಯ ಕಡೆ ಹೋದ ತಕ್ಷಣ ಕೈ ತನ್ನ ಪಾಡಿಗೆ ತಾನು ಟ್ರಾಲಿ ಓರೆ ಮಾಡಿ ಅಂಚು ಹಿಡಿಯಿತು. ಸರ್ರ್. ಕಾಲು ಗಂಟೆಯ ಮೇಲೆ ಆಕೆಗೆ ನೆನಪಾಯಿತು. ಮತ್ತೆ ತಬ್ಬಿದಳು, ಮತ್ತೆ ಮರೆತಳು.

ಐದನೇ ದಿನ ಹಟ ಹಿಡಿದು ಬೆಳಗಿನಿಂದ ಊಟದವರೆಗೆ ತಪ್ಪಾಗಿಯೇ ಎತ್ತಿದಳು. ಮೂರು ಶೀಟು ಉರುಳೆಯಲ್ಲಿ ಸುಕ್ಕಾಗಿ ಸುತ್ತಿಕೊಂಡವು. ಮೇಲ್ವಿಚಾರಕ ಓಡಿ ಬಂದು ಯಂತ್ರ ನಿಲ್ಲಿಸಿದ.

"ಏನಮ್ಮ ಅಂಚಕ್ಕ, ಹುಷಾರಿಲ್ವಾ? ನಿಮ್ಮ ಕೈಯಲ್ಲಿ ಶೀಟು ಸುತ್ಕೊಂಡಿದ್ದು ನಾನು ಕಂಡೇ ಇಲ್ಲ."

ಕಿವಿ ಕೆಂಪಾಯಿತು. ಅಂದು ಮನೆಗೆ ಹೋದವಳು ಚಪ್ಪಲಿ ಬಿಟ್ಟು ಹಾಗೇ ಮಲಗಿದಳು. ಅಡುಗೆ ಗಂಡನೇ ಮಾಡಿದ. ರಾತ್ರಿ ತಟ್ಟೆ ಮುಂದಿಟ್ಟು, "ನೀನು ಬೆಳಗ್ಗೆ ಹೆಚ್ಚಿಗೆ ಸುಟ್ಟಿದ್ದನ್ನ ಸಂಜೆ ಮಲಗಿ ಉಳಿಸಿದೆ. ಆ ನೀರು ಎರಡನ್ನೂ ಲೆಕ್ಕ ಹಾಕತ್ತೆ ಅಲ್ವೇನೇ?" ಎಂದ.

"ಹಾಕತ್ತೆ."

"ಅಂದ್ರೆ ನಿನ್ನ ಬಸ್ಸು ಹೊರಟಲ್ಲಿಗೇ ಬಂತು."

ಆರನೇ ದಿನದಿಂದ ಅಂಚಕ್ಕ ತನ್ನ ರೀತಿಯಲ್ಲೇ ಕೆಲಸ ಮಾಡಿದಳು. ಶೀಷೆಯ ವಿಷಯದಲ್ಲಿ ಮಾತ್ರ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಉಳಿದವರು "ಹತ್ತು ಗಂಟೆ" ಎಂದು ಬರೆದರೆ ಆಕೆ "ಹತ್ತು ಗಂಟೆ ನಾಲ್ಕು ನಿಮಿಷ" ಎಂದು ಬರೆಯುತ್ತಿದ್ದಳು.

ಹದಿನಾಲ್ಕು ದಿನ ಮುಗಿದು ಮೂರು ವಾರಕ್ಕೆ ಬಾಟ್ಲಿ ಮೇಡಂ ಮತ್ತೆ ಬಂದಳು. ಯಂತ್ರ ನಿಂತ ಹೊತ್ತು ನೋಡಿ ಅಂಚಕ್ಕನನ್ನು ಪಕ್ಕಕ್ಕೆ ಕರೆದಳು. ಶೀಷೆಗಳ ಮೇಲೆ ಹೆಸರಿನ ಬದಲು ಅಂಕಿ ಮಾತ್ರ ಇರುತ್ತದೆ, ಲೆಕ್ಕ ಇನ್ನೂ ಹಾಕಿಲ್ಲ. ಆದರೆ ಒಂದು ಅಂಕಿಯ ಏಳನೇ ದಿನದ ಶೀಷೆ ಉಳಿದವುಗಳ ಸಾಲಿಗೆ ಸರಿಯಾಗಿ ಕೂರುತ್ತಿಲ್ಲ, ಕೂದಲೆಳೆಯಷ್ಟು ಆಚೆ ಇದೆ. ಪಟ್ಟಿ ನೋಡಿದರೆ ಆ ಅಂಕಿ ಅಂಚಕ್ಕನದು.

"ಮುಚ್ಚಳ ಸಡಿಲ ಇದ್ದಿರಬಹುದಾ? ಅಥವಾ ಟೈಮು ಅಂದಾಜಿನ ಮೇಲೆ ಬರೆದ್ರಾ? ಖಾತ್ರಿ ಇಲ್ಲ ಅಂದ್ರೆ ಹೇಳಿ, ತಪ್ಪೇನಿಲ್ಲ. ನಿಮ್ಮದು ಬಿಟ್ಟು ಉಳಿದ ಮೂವರದು ತಗೋತೀವಿ."

ಅಂಚಕ್ಕನಿಗೆ ಏಳನೇ ದಿನ ಚೆನ್ನಾಗಿ ನೆನಪಿತ್ತು. ಗಡಿಯಾರದ ಮುಳ್ಳು, ಮುಚ್ಚಳದ ಕೊನೆಯ ತಿರುವು, ಎಲ್ಲ.

"ಹತ್ತು ಇಪ್ಪತ್ತಾರು. ಮುಚ್ಚಳ ನಾನೇ ಬಿಗಿದಿದ್ದು. ಅಂದಾಜಿನ ಕೆಲಸ ನಾನು ಮಾಡಲ್ಲ, ಮೇಡಂ."

"ಸರಿ, ಹಾಗಾದ್ರೆ ಇಟ್ಕೋತೀನಿ," ಎಂದು ಆಕೆ ಬರೆದುಕೊಂಡು ಹೋದಳು. ಆಮೇಲೆ ಟೀ ಕುಡಿಯುತ್ತಾ ಅಂಚಕ್ಕ ಇದನ್ನು ಉಳಿದ ಮೂವರಿಗೂ ಹೇಳಿದಳು, ಕೊಂಚ ಹೆಮ್ಮೆಯಿಂದಲೇ.

ಫಲಿತಾಂಶ ಬಂದದ್ದು ಇನ್ನೂ ಒಂದು ತಿಂಗಳ ಮೇಲೆ. ಪ್ರತಿಯೊಬ್ಬರಿಗೂ ಒಂದೊಂದು ಹಾಳೆ. ಬಿರುಗಾಳಿಯದು ಒಂದು ಪಾಯಿಂಟ್ ಒಂಬತ್ತು. ಹಿರಿಯ ಓರಗಿತ್ತಿಯದು ಒಂದು ಪಾಯಿಂಟ್ ಎಂಟು, ಕಿರಿಯವಳದು ಒಂದು ಪಾಯಿಂಟ್ ಆರು ಆರು. ಅಂಚಕ್ಕನದು ಒಂದು ಪಾಯಿಂಟ್ ಐದು ಆರು. ನಾಲ್ವರ ಸರಾಸರಿ ಒಂದು ಪಾಯಿಂಟ್ ಏಳು ಮೂರು. ಒಂದೂ ಮುಕ್ಕಾಲು ದಾಟಲಿಲ್ಲ. ಉರುಳೆ ಸಾಧಾರಣ ಕೆಲಸವಾಗಿಯೇ ಉಳಿಯಿತು.

ಮೊದಲು ಲೆಕ್ಕ ಹಾಕಿದವಳು ಕಿರಿಯ ಓರಗಿತ್ತಿ. ಬೆರಳು ಮಡಚಿ ಎಣಿಸಿ, ಮತ್ತೊಮ್ಮೆ ಎಣಿಸಿ, "ಅಂಚಕ್ಕನ್ನ ಬಿಟ್ರೆ ಮೂವರದು ಒಂದು ಪಾಯಿಂಟ್ ಏಳು ಎಂಟು ದಾಟತ್ತೆ" ಎಂದಳು.

"ಏಳನೇ ದಿನದ ಬಾಟ್ಲಿ," ಎಂದಳು ಹಿರಿಯವಳು. ಎರಡು ವರ್ಷದಲ್ಲಿ ಓರಗಿತ್ತಿಯರು ಒಬ್ಬರ ಮಾತಿಗೆ ಒಬ್ಬರು ಮಾತು ಸೇರಿಸಿದ್ದು ಅದೇ ಮೊದಲು.

ಅಂಚಕ್ಕ ಹಾಳೆಯನ್ನು ನಾಲ್ಕಾಗಿ ಮಡಚಿದಳು, ಅಂಚಿಗೆ ಅಂಚು ಕೂಡಿಸಿ.

ಬಾಟ್ಲಿ ಮೇಡಂ ಹಾಳೆ ಕೊಟ್ಟು ಹೋಗುವ ಮೊದಲು ಅಂಚಕ್ಕ ಆಕೆಯನ್ನು ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದಳು. "ಬಿರುಗಾಳಿ ಬಿಡಿಸಿದಷ್ಟೇ ಮುದ್ದೆ ನಾನೂ ಬಿಡಿಸ್ತೀನಿ. ಇನ್ನೂ ಜಾಸ್ತಿನೇ ಬಿಡಿಸ್ತೀನಿ. ನಂದು ಯಾಕೆ ಕಡಿಮೆ?"

ಮೇಡಂ ಕೈಚೀಲವನ್ನು ಮೆಟ್ಟಿಲ ಮೇಲಿಟ್ಟಳು. "ನಿಮ್ಮ ಮೈಗೆ ಕೆಲಸ ಪಳಗಿದೆ. ಬೇಕಾದಷ್ಟೇ ಖರ್ಚು ಮಾಡತ್ತೆ, ಅದಕ್ಕಿಂತ ಒಂದು ಚೂರೂ ಹೆಚ್ಚಿಗೆ ಇಲ್ಲ."

"ಅಂದ್ರೆ ಚೆನ್ನಾಗಿ ಕಲಿತದ್ದಕ್ಕೆ ಐದು ವರ್ಷ."

"ನೀರಿಗೆ ನೋವು ಗೊತ್ತಾಗಲ್ಲ ಅಕ್ಕ. ನಾನು ವರದಿಯಲ್ಲಿ ಅದನ್ನೂ ಬರೆದಿದೀನಿ. ಅವರು ಕೊನೇ ಸಾಲಿನ ಅಂಕಿ ಮಾತ್ರ ನೋಡ್ತಾರೆ."

ಸಂಘದ ಕಾರ್ಯದರ್ಶಿ ಬಿಡಲಿಲ್ಲ. ಜಗಳವಾಡಿ ಇನ್ನೊಂದು ಪರೀಕ್ಷೆಗೆ ಒಪ್ಪಿಸಿದ, ಆರು ತಿಂಗಳ ಮೇಲೆ. ಅದರ ಫಲಿತಾಂಶ ಬಂದಾಗಲೂ ವರ್ಷ ಮುಗಿಯುವುದಕ್ಕೆ ಒಂದು ತಿಂಗಳಿರುತ್ತದೆ. ನಾದಿನಿಯ ಮಹಡಿ ಕೈತಪ್ಪುವುದಿಲ್ಲ. ಗೆದ್ದರೆ ಎಲ್ಲರಿಗೂ ಐವತ್ತೈದು, ಅಂಚಕ್ಕನಿಗೂ. ಒಂದೇ ಷರತ್ತು: ಈ ಸಲ ಅಂಚಕ್ಕನ ಬದಲು ಟವೆಲು, ಗೌನು ಮಡಚುವ ವಿಭಾಗದ ಇನ್ನೊಬ್ಬಳು ನೀರು ಕುಡಿಯುತ್ತಾಳೆ. ಇದನ್ನು ಹೇಳುವಾಗ ಕಾರ್ಯದರ್ಶಿ ಅಂಚಕ್ಕನ ಮುಖ ನೋಡಲಿಲ್ಲ.

ಮರುದಿನ ಬಿರುಗಾಳಿ ಎಂದಿನಂತೆ ಮುದ್ದೆ ತಬ್ಬಿ ಎತ್ತಿದಳು. ಅಂಚಕ್ಕ ಎಂದಿನಂತೆ ಬಾಯಿ ತೆರೆದಳು. "ಟ್ರಾಲಿನ ಓರೆ..."

"ಅಕ್ಕ, ಬೇಡ," ಎಂದಳು ಬಿರುಗಾಳಿ. "ಇನ್ನು ಆರು ತಿಂಗಳು ನನಗೆ ಏನೂ ಹೇಳ್ಕೊಡಬೇಡಿ, ಕಲಿತ್ರೆ ನನ್ನ ಅಂಕಿನೂ ಇಳಿಯತ್ತೆ. ನಿಮಗೋಸ್ಕರನೂ ಸೇರಿಸಿನೇ ಹೇಳ್ತಿದೀನಿ."

"ಬೆನ್ನು ಹೋಗತ್ತೆ ಕಣೇ."

"ಹೋಗ್ಲಿ. ಐವತ್ತೈದಕ್ಕೆ ಮನೇಲಿ ಕೂತು ರಿಪೇರಿ ಮಾಡಿಸ್ಕೋತೀನಿ."

ಧಪ್. ಮೂರು ನಿಮಿಷಕ್ಕೊಮ್ಮೆ, ಎರಡು ನಿಮಿಷಕ್ಕೊಮ್ಮೆ, ಒಂದೇ ಮಾರು ದೂರದಲ್ಲಿ. ಅಂಚಕ್ಕನ ಕೈ ತುರಿಸುತ್ತಿತ್ತು. ಎರಡು ಸಲ ತಡೆಯಲಾಗದೆ ಟ್ರಾಲಿಯನ್ನು ತಾನೇ ಓರೆ ಮಾಡಿಕೊಟ್ಟಳು, ಎರಡು ಸಲವೂ ಬಿರುಗಾಳಿ ಅದನ್ನು ಹಿಂದಕ್ಕೆ ತಳ್ಳಿದಳು. ಮೂರನೇ ವಾರ ಬಿರುಗಾಳಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬಂದಳು. ಅಂದು ಅಂಚಕ್ಕ ಮೇಲ್ವಿಚಾರಕನ ಮುಂದೆ ಹೋಗಿ ನಿಂತಳು.

"ನನಗೆ ದಿಂಬಿನ ಮೆಶೀನು ಕೊಡಿ."

ದಿಂಬಿನ ಚೀಲ ಒತ್ತುವ ಸಣ್ಣ ಯಂತ್ರ ಮೂಲೆಯಲ್ಲಿದೆ. ಅದರ ಮುಂದೆ ನಿಂತವರ ಮುಖ ಗೋಡೆಗೆ. ಯಾರೂ ಒಪ್ಪುವುದಿಲ್ಲವೆಂದು ಒಬ್ಬೊಬ್ಬರನ್ನು ಒಂದೊಂದು ಗಂಟೆ ನಿಲ್ಲಿಸುತ್ತಿದ್ದರು.

"ಇಡೀ ದಿನಾನಾ? ಗೋಡೆ ನೋಡ್ಕೊಂಡು?"

"ಹೂಂ."

ಇಪ್ಪತ್ತೊಂಬತ್ತು ವರ್ಷದಲ್ಲಿ ಆಕೆ ಕೇಳಿದ್ದು ಅದೊಂದೇ. ಆತ ಕೊಟ್ಟ. ಉರುಳೆಯ ಮುಂದೆ ಆಕೆಯ ಜಾಗಕ್ಕೆ, ನೀರು ಕುಡಿಯಬೇಕಿದ್ದ ಆ ಇನ್ನೊಬ್ಬಳೇ ಬಂದಳು.

ಗೋಡೆಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಸುಣ್ಣ ಉಬ್ಬಿದ ಒಂದು ಜಾಗ, ಒಂದು ಮೊಳೆ. ಆದರೆ ಕಿವಿಗೆ ಬೆನ್ನು ತಿರುಗಿಸಲು ಬರುವುದಿಲ್ಲ. ಎರಡನೇ ವಾರದ ಹೊತ್ತಿಗೆ ಆಕೆಗೆ ನೋಡದೆಯೇ ಎಲ್ಲ ತಿಳಿಯತೊಡಗಿತು. ಧಪ್ಪಿಗೆ ಮುಂಚೆ ಒಂದು ಉಸಿರು ಬಿಗಿಹಿಡಿಯುವ ಸದ್ದು ಬಂದರೆ ಮುದ್ದೆ ದೊಡ್ಡದು. ಧಪ್ ಆದ ಮೇಲೆ ಎರಡು ಕ್ಷಣ ಏನೂ ಕೇಳದಿದ್ದರೆ ಸೊಂಟ ಹಿಡಿದುಕೊಂಡಿದ್ದಾಳೆ. ಆಕೆ ದಿಂಬಿನ ಚೀಲ ಹರವಿ, ಒತ್ತಿ, ತೆಗೆದು, ಮತ್ತೊಂದು ಹರವುವಳು. ಪ್ರತಿ ಧಪ್ಪಿಗೂ ಮೈ ಹಿಂಡಿದಂತಾಗುತ್ತಿತ್ತು, ಪ್ರತಿ ಧಪ್ಪಿಗೂ ಮಹಡಿಯ ಎರಡು ಕಿಟಕಿ ಒಂದಿಷ್ಟು ಹತ್ತಿರ ಬಂದಂತೆಯೂ ಆಗುತ್ತಿತ್ತು. ಎರಡೂ ಒಟ್ಟೊಟ್ಟಿಗೆ ಆಗುವುದನ್ನು ಆಕೆ ಗಂಡನಿಗೂ ಹೇಳಲಿಲ್ಲ.

ಪರೀಕ್ಷೆಗೆ ಐದು ವಾರ ಇದ್ದ ಒಂದು ಬೆಳಗ್ಗೆ, ಒಂಬತ್ತು ಗಂಟೆಯ ಆಸುಪಾಸಿನಲ್ಲಿ, ಹಿಂದಿನಿಂದ ಧಪ್ ಬರಲಿಲ್ಲ. ಟ್ರಾಲಿಯ ಚಕ್ರ ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ, ಸ್ವಲ್ಪ ತಡವರಿಸಿ, ಸರ್ರ್.

ಅಂಚಕ್ಕನ ಕೈ ನಿಂತಿತು. ತನ್ನ ಜಾಗಕ್ಕೆ ಬಂದ ಹೊಸಬಳಿರಬೇಕು ಎಂದುಕೊಂಡಳು. ಆದರೆ ಹೊಸಬಳು ನಿಲ್ಲುವುದು ಎಡಗಡೆ. ಸದ್ದು ಬಂದದ್ದು ಬಲಗಡೆಯಿಂದ. ಕಾದಳು. ಒಂದು ಧಪ್. ಮತ್ತೆ ಸರ್ರ್. ಆಮೇಲೆ ಸಾಲಾಗಿ ಮೂರು ಸಲ ಸರ್ರ್.

ಊಟಕ್ಕೆ ಯಂತ್ರ ನಿಂತಾಗ ಬಿರುಗಾಳಿ ಮೂಲೆಗೆ ಬಂದು ನಿಂತಳು. ಮುಖದಲ್ಲಿ ಎಂದಿನ ನಗೆ ಇರಲಿಲ್ಲ.

"ಅಕ್ಕ, ಆವತ್ತಿಂದ ನೀವು ನನಗೇನೂ ಹೇಳ್ಕೊಟ್ಟಿಲ್ಲ, ಅಲ್ವಾ?"

"ಇಲ್ಲ."

"ಮತ್ತೆ ಇದು ಹೆಂಗೆ ಬಂತು? ನಾನು ಬೇಕು ಅಂತ ಮಾಡ್ತಿಲ್ಲ. ಎತ್ತಬೇಕು ಅಂತಾನೇ ಹೋಗ್ತೀನಿ, ಅಷ್ಟರಲ್ಲಿ ಕೈ ಬೇರೆ ಏನೋ ಮಾಡ್ಬಿಟ್ಟಿರತ್ತೆ."

"ದಿನಕ್ಕೆ ಇನ್ನೂರು ಸಲ ಮಾಡಿದ್ರೆ ಬರತ್ತೆ. ನನಗೂ ಯಾರೂ ಹೇಳ್ಕೊಟ್ಟಿರಲಿಲ್ಲ."

"ಬಿಡಕ್ಕಾಗತ್ತಾ?"

ಅಂಚಕ್ಕನಿಗೆ ಐದನೇ ದಿನ ಉರುಳೆಯಲ್ಲಿ ಸುತ್ತಿಕೊಂಡ ಮೂರು ಶೀಟು ನೆನಪಾದವು. "ಇಲ್ಲ," ಎಂದಳು.

ಬಿರುಗಾಳಿ ಸೊಂಟದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಾ ನಿಂತೇ ಇದ್ದಳು. ಅಂಚಕ್ಕ ಎದ್ದು, ತಿಂಗಳುಗಳ ನಂತರ ಮೊದಲ ಸಲ ಉರುಳೆಯ ಮುಂದೆ ಹೋಗಿ, ಟ್ರಾಲಿಯನ್ನು ಮೇಜಿಗೆ ಆನಿಸಿದಳು.

"ಬಾ ಇಲ್ಲಿ. ನಿನಗೆ ಬಂದಿರೋದು ಅರ್ಧ. ಎಳೆಯೋವಾಗ ಎಡಗಾಲು ಮುಂದಿಡು, ಇಲ್ಲದಿದ್ರೆ ಸೊಂಟ ಹಂಗೇ ಹಿಡ್ಕೊಂಡಿರತ್ತೆ. ಲೆಕ್ಕ ಹಾಳಾಗಿದ್ದು ಹಾಳಾಯ್ತು, ಬೆನ್ನಾದ್ರೂ ಉಳಿಸ್ಕೋ."

ಬಿರುಗಾಳಿ ಎಡಗಾಲು ಮುಂದಿಟ್ಟಳು.

ಅಂದು ಸಂಜೆ ಗಂಡ ಬಾಗಿಲು ತೆರೆಯುತ್ತಲೇ ಅಂಚಕ್ಕ, "ನಿಮ್ಮ ತಂಗಿಗೆ ಫೋನ್ ಮಾಡಿ. ಮಹಡಿ ಮನೆ ಬಾಡಿಗೆಗೆ ಕೊಡೋಕೆ ಹೇಳಿ" ಎಂದಳು.

"ಪರೀಕ್ಷೆಗೆ ಇನ್ನೂ ಐದು ವಾರ ಇದೆಯಲ್ಲೇ."

"ಇದೆ."

ಆತ ಆಕೆಯ ಮುಖ ನೋಡಿದ. ಫೋನ್ ತೆಗೆದು, ಕನ್ನಡಕ ಹುಡುಕಿ, ಮತ್ತೆ ಫೋನನ್ನು ಮೇಜಿನ ಮೇಲಿಟ್ಟ. "ಊಟ ಆದ್ಮೇಲೆ ಮಾಡ್ತೀನಿ," ಎಂದ.

"ಈಗ್ಲೇ ಮಾಡಿ," ಎಂದಳು ಅಂಚಕ್ಕ. ಕಿಟಕಿಯ ಪಕ್ಕ ಕುಳಿತು, ಬಲಗೈ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಳ್ಳುತ್ತಾ, ಆತ ಅಂಕಿ ಒತ್ತುವುದನ್ನು ನೋಡುತ್ತಿದ್ದಳು.